6 ರಾತ್ರಿ, 7 ಹಗಲು. ಹಗಲು ಮಾತ್ರ ಇಲ್ಲ

ದಸರಾ ಗೊಂಬೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಹಬ್ಬ ಶುರುವಾಗುತ್ತದೆ. ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲ. ಉಳಿದ ರಜೆ ಡಿಸೆಂಬರ್ 31ಕ್ಕೆ ಲ್ಯಾಪ್ಸ್ ಆಗುತ್ತದೆ. ಹೊರದೇಶದ ಕ್ಲೈಂಟ್ ಕ್ರಿಸ್‌ಮಸ್ ಅಂತ ಬಾಗಿಲು ಹಾಕುತ್ತಾನೆ. ಮಕ್ಕಳಿಗೂ ಸ್ಕೂಲಿಲ್ಲ. ಮೂರೂ ಕೂಡಿ ಬರುವುದು ವರ್ಷಕ್ಕೆ ಒಂದೇ ವಾರ. ಆ ವಾರಕ್ಕೆ ಯುರೋಪ್. ಯಾಕೆ ಯುರೋಪ್ ಅಂತ ಕೇಳುವುದು ಒರಟುತನ. ಯುರೋಪಿನಲ್ಲಿ ಎಲ್ಲಿ ಅಂತ ಕೇಳಬಹುದು. ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಹೋಗುವ ಊರನ್ನು ಆರಿಸುವ ಹಕ್ಕು ಹೋಗುವವರ ಕೈಯಲ್ಲಿ ಉಳಿದು ಎಷ್ಟೋ ಕಾಲವಾಯಿತು.

ಮೊದಲು ಆರಿಸುವುದು ವೀಸಾ ಸ್ಲಾಟ್, ಅಂದರೆ ಅರ್ಜಿ ಕೊಡಲು ಸಿಗುವ ದಿನ. ನಮ್ಮ ಮೇಲಿನ ಮನೆಯ ಯಜಮಾನರು ಸ್ವಿಟ್ಜರ್ಲೆಂಡ್ ಅಂದುಕೊಂಡು ಏಜೆಂಟನ ಹತ್ತಿರ ಹೋದರು. ಅವನು ಕಂಪ್ಯೂಟರ್ ನೋಡಿ, "ಸಾರ್, ಸ್ವಿಸ್ ಜನವರಿ ತನಕ ಫುಲ್. ಲಿಥುವೇನಿಯಾ ಖಾಲಿ ಇದೆ, ಮಾಡಿಬಿಡ್ಲಾ?" ಅಂದ.

ಇಲ್ಲೊಂದು ನಿಯಮವಿದೆ. ತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ವಲಯ ಅಂತ ಹೆಸರು. ಅದರಲ್ಲಿ ಈಗ 29 ದೇಶಗಳು. ಒಂದೇ ವೀಸಾದಲ್ಲಿ ಎಲ್ಲ ಕಡೆ ಓಡಾಡಬಹುದು. ಆದರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಬರೆದವರ ಲೆಕ್ಕದಲ್ಲಿ ಇದು ನ್ಯಾಯವಾಗಿಯೇ ಇದೆ. ನಮ್ಮವರು ಅದನ್ನು ಹಿಂದುಮುಂದಾಗಿ ಓದಿಕೊಂಡಿದ್ದಾರೆ: ಯಾವ ದೇಶದ ಸ್ಲಾಟ್ ಸಿಗುತ್ತದೋ ಆ ದೇಶದಲ್ಲಿ ಜಾಸ್ತಿ ದಿನ ಇರಬೇಕು. ಹಾಗಾಗಿ ಲಿಥುವೇನಿಯಾಕ್ಕೆ ಮೂರು ರಾತ್ರಿ, ಸ್ವಿಟ್ಜರ್ಲೆಂಡಿಗೆ ಎರಡು, ಉಳಿದ ಒಂದು ರಾತ್ರಿ ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಪಕ್ಕದ ಹೋಟೆಲಿನಲ್ಲಿ. ಅವತ್ತು ರಾತ್ರಿ ಅವರ ಮನೆಯವರು ಮಗಳ ಅಟ್ಲಾಸ್ ತೆಗೆದು ಲಿಥುವೇನಿಯಾ ಎಲ್ಲಿದೆ ಅಂತ ಹುಡುಕಿದರು. ಮರುದಿನ ರೆಡಿಯಾದ ಕವರಿಂಗ್ ಲೆಟರಿನಲ್ಲಿ, ಅಲ್ಲಿನ ರಾಜಧಾನಿ ವಿಲ್ನಿಯಸ್‌ನ ಹಳೇ ಪೇಟೆ ನೋಡುವುದು ಇಡೀ ಕುಟುಂಬದ ಬಹುದಿನದ ಆಸೆ ಅಂತ ಇತ್ತು.

ಅರ್ಜಿಯ ಜೊತೆಗೆ ಇಡಬೇಕಾದ್ದನ್ನು ನೋಡಿದರೆ ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ ಅನಿಸುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆಫೀಸಿನಿಂದ ರಜೆಯ ಪತ್ರ, 30,000 ಯೂರೊ ಕವರ್ ಇರುವ ಇನ್ಶೂರೆನ್ಸ್, ಯಾವ ರಾತ್ರಿ ಯಾವ ಹೋಟೆಲಿನಲ್ಲಿ ಮಲಗುತ್ತೀರಿ ಎಂಬ ಪಟ್ಟಿ. ಹೋಗಲು ಬಿಡುತ್ತೇವೋ ಇಲ್ಲವೋ ಆಮೇಲೆ ಹೇಳುತ್ತೇವೆ, ಮಲಗುವ ಜಾಗ ಮೊದಲು ಹೇಳಿ. ಜೊತೆಗೆ ವಾಪಸ್ ಬಂದೇ ಬರುತ್ತೇನೆ ಅನ್ನುವುದಕ್ಕೆ ಸಾಕ್ಷಿ. ಬನಶಂಕರಿಯ 30-40 ಸೈಟಿನ ಖಾತಾ ಪ್ರತಿ ಬಾಲ್ಟಿಕ್ ಸಮುದ್ರದ ದಡದ ದೇಶವೊಂದರ ಅಧಿಕಾರಿಯ ಮೇಜಿನ ಮೇಲೆ ಹೋಗಿ ಕೂರುತ್ತದೆ. ದೊಡ್ಡವರಿಗೆ ತಲೆಗೆ 90 ಯೂರೊ ಫೀಸು. ವೀಸಾ ಕೊಡದಿದ್ದರೂ ಫೀಸು ಅವರದೇ.

ಷೆಂಗೆನ್ ಅನ್ನುವುದು ಲಕ್ಸೆಂಬರ್ಗ್ ದೇಶದ ಒಂದು ಸಣ್ಣ ಊರು. 1985ರ ಜೂನ್ 14ರಂದು ಅಲ್ಲಿ, ಮೊಸೆಲ್ ನದಿಯಲ್ಲಿ ನಿಂತ ಹಡಗೊಂದರಲ್ಲಿ ಕೂತು, ಐದು ದೇಶಗಳವರು ನಮ್ಮ ನಡುವೆ ಗಡಿ ತಪಾಸಣೆ ಬೇಡ ಅಂತ ಸಹಿ ಹಾಕಿದರು. ಒಳ್ಳೆ ಕೆಲಸ. ಕಿತ್ತ ಗಡಿಗಳನ್ನು ಎಲ್ಲಾದರೂ ಇಡಬೇಕಲ್ವಾ? ಒಟ್ಟುಮಾಡಿ ತಂದು ಬೆಂಗಳೂರಿನ ವೀಸಾ ಸೆಂಟರಿನ ಕೌಂಟರ್ ಮುಂದೆ ಇಟ್ಟಿದ್ದಾರೆ.

ಸರಿ, ವೀಸಾ ಬಂತು ಅಂತಿಟ್ಟುಕೊಳ್ಳಿ. ಎರಡನೆಯದಾಗಿ ಊರು ಆರಿಸುವುದು ಮಗಳ ಫೋನು. ಅದರಲ್ಲಿ ಒಂದು ರೀಲ್ ಇದೆ. ಮರದ ಪುಟ್ಟ ಅಂಗಡಿಗಳು, ಹಳದಿ ದೀಪದ ಸರಗಳು, ಮೇಲಿಂದ ಉದುರುವ ಹಿಮ, ಕೈಯಲ್ಲಿ ಹಬೆಯಾಡುವ ಮಗ್ಗು. ಅದೇ ಕ್ರಿಸ್‌ಮಸ್ ಮಾರ್ಕೆಟ್. ಜರ್ಮನಿಯ ಡ್ರೆಸ್ಡನ್ ಊರಿನ ಮಾರ್ಕೆಟ್ 1434ರಿಂದ ನಡೆಯುತ್ತಿದೆ, ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನದು 1570ರಿಂದ. ಇಷ್ಟು ಶತಮಾನಗಳಿಂದ ಅಲ್ಲಿನ ಜನಕ್ಕೆ ಒಂದು ವಿಷಯ ಗೊತ್ತಿದೆ: ಕ್ರಿಸ್‌ಮಸ್ ಮಾರ್ಕೆಟ್ ಇರುವುದು ಕ್ರಿಸ್‌ಮಸ್‌ಗೆ ಮುಂಚೆ. ಜರ್ಮನಿಯ ಹೆಸರಾಂತ ಮಾರ್ಕೆಟ್‌ಗಳಲ್ಲಿ ಹೆಚ್ಚಿನವು ಡಿಸೆಂಬರ್ 24ರೊಳಗೆ ಮುಗಿಯುತ್ತವೆ. ನಮ್ಮ ರಜೆ ಶುರುವಾಗುವುದೇ 24ರ ರಾತ್ರಿ ಫ್ಲೈಟಿನಿಂದ.

ಆದ್ದರಿಂದ ಜರ್ಮನಿಯ ನ್ಯೂರೆಂಬರ್ಗ್‌ಗೆ ಕ್ರಿಸ್‌ಮಸ್ ಕಳೆದ ಮೇಲೆ ಇಳಿಯುವ ಕುಟುಂಬಕ್ಕೆ ಕಾಣುವುದು ಹಲಗೆ ಬಿಚ್ಚುವ ಕೆಲಸದವರು, ಪಟ್ಟೆ ಬಟ್ಟೆಯ ಚಾವಣಿಗಳನ್ನು ಮಡಚಿ ತುಂಬುವ ಲಾರಿ, ಒಂದು ಮೂಲೆಯಲ್ಲಿ ರಾಶಿ ಬಿದ್ದ ದೀಪದ ವೈರು. ಅದರ ಮುಂದೆಯೇ ನಿಂತು ಮಗಳು ಫೋಟೊ ತೆಗೆಸಿಕೊಳ್ಳುತ್ತಾಳೆ. ಹಿಂದಿನದನ್ನು ಬ್ಲರ್ ಮಾಡಿದರೆ ಆಯಿತು. 25, 26 ಎರಡೂ ದಿನ ಜರ್ಮನಿಯಲ್ಲಿ ಸಾರ್ವಜನಿಕ ರಜೆ, ಸೂಪರ್ ಮಾರ್ಕೆಟ್ ಕೂಡ ಬಾಗಿಲು ಹಾಕಿರುತ್ತದೆ. ಯುರೋಪಿನ ರುಚಿ ನೋಡಲು ಹೋದ ಸಂಸಾರ ಹೋಟೆಲ್ ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ ಪ್ಯಾಕೆಟ್ ಉಪ್ಪಿಟ್ಟು ಕಲಸಿಕೊಳ್ಳುತ್ತದೆ. ಎಲ್ಲೋ ರೈಲ್ವೆ ಸ್ಟೇಷನ್ ಹತ್ತಿರ ತೆರೆದಿದ್ದ ಅಂಗಡಿಯಲ್ಲಿ ಗ್ಲೂವೈನ್ ಸಿಕ್ಕಿದರೆ ಪುಣ್ಯ. ಅದು ಬಿಸಿ ಮಾಡಿದ ವೈನು, ಚಕ್ಕೆ ಲವಂಗ ಹಾಕಿದ್ದು. ಇದೇ ಚಕ್ಕೆ ಲವಂಗದ ಕಷಾಯವನ್ನು ಅಜ್ಜಿ ಲೋಟದಲ್ಲಿ ತಂದಾಗ ಮೂಗು ಹಿಡಿದುಕೊಂಡು ಓಡುತ್ತಿದ್ದವರು ಇಲ್ಲಿ ದುಡ್ಡು ಕೊಟ್ಟು, ಮಗ್ಗಿಗೆ ಬೇರೆ ಡೆಪಾಸಿಟ್ ಇಟ್ಟು, "ಆಹಾ" ಅನ್ನುತ್ತಾರೆ.

ಹಿಮ ಬೇಕು, ಮಾರ್ಕೆಟ್ ಬೇಡ ಅನ್ನುವವರು ಆಲ್ಪ್ಸ್ ಕಡೆ ತಿರುಗುತ್ತಾರೆ. ಆಲ್ಪ್ಸ್‌ನಲ್ಲಿ ಹಿಮ ಇರುತ್ತದೆ ಅನ್ನುವುದು ನಮ್ಮ ನಂಬಿಕೆ. ಆಲ್ಪ್ಸ್‌ನವರು ನಂಬಿಕೆ ಮೇಲೆ ಕೂತಿಲ್ಲ, ಯಂತ್ರ ತಂದಿಟ್ಟಿದ್ದಾರೆ. ಫ್ಯಾನಿನ ಆಕಾರದ ಹಿಮದ ಫಿರಂಗಿಗಳು ರಾತ್ರಿಯಿಡೀ ಗುಂಯ್‌ಗುಡುತ್ತಾ ನೀರನ್ನು ತುಂತುರು ಮಾಡಿ ಗಾಳಿಗೆ ಚಿಮ್ಮುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಹಸಿರು ಗುಡ್ಡದ ಮೇಲೆ ಒಂದೇ ಒಂದು ಬಿಳಿ ಪಟ್ಟಿ. ಅದರ ಮೇಲೆ ಊರಿನ ಜನವೆಲ್ಲ ಜಾರುತ್ತಿರುತ್ತಾರೆ. ಫ್ರಾನ್ಸ್‌ನ ಪಿರೆನೀಸ್ ಬೆಟ್ಟಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2020ರ ಫೆಬ್ರವರಿಯಲ್ಲಿ ಲೂಶೋನ್ ಸೂಪರ್‌ಬಾನ್ಯೇರ್ ಎಂಬ ಸ್ಕೀ ತಾಣದಲ್ಲಿ ಹಿಮ ಸಾಲದೆ, ಬೆಟ್ಟದ ಮೇಲಿಂದ ಸುಮಾರು 50 ಟನ್ ಹಿಮವನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ತಂದು ಕೆಳಗೆ ಸುರಿದರು. ಬಿಸಿ ಜಾಸ್ತಿಯಾಗಿ ಕರಗಿದ ಹಿಮದ ಜಾಗಕ್ಕೆ ಇಂಧನ ಸುಟ್ಟು ಹಿಮ ತರುವುದು! ನಮ್ಮಲ್ಲಿ ಟ್ಯಾಂಕರ್ ನೀರು ನೋಡಿ ನಗುವವರು ಈ ಟ್ಯಾಂಕರ್ ಹಿಮವನ್ನೂ ಒಮ್ಮೆ ನೋಡಬೇಕು. 2023ರ ಜನವರಿ 1ರಂದು ವಾರ್ಸಾ ನಗರದಲ್ಲಿ 18.9 ಡಿಗ್ರಿ ಇತ್ತು. ಹೊಸ ವರ್ಷದ ಹಿಮ ನೋಡಲು ಹೋದವರು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕಾಗಿತ್ತು.

ಖಾತ್ರಿ ಹಿಮ ಬೇಕಿದ್ದರೆ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್ ಇದೆ. 3,454 ಮೀಟರ್ ಎತ್ತರ. 1912ರಿಂದ ಬೆಟ್ಟದ ಹೊಟ್ಟೆಯೊಳಗೆ ಸುರಂಗದಲ್ಲಿ ಹಲ್ಲಿನ ಹಳಿಯ ರೈಲು ಹತ್ತುತ್ತಿದೆ. ನಿಜಕ್ಕೂ ಅದ್ಭುತ, ಅದರ ಬಗ್ಗೆ ತಮಾಷೆ ಮಾಡುವ ಮನಸ್ಸಿಲ್ಲ. ಆದರೆ ಮೋಡ ಮುಚ್ಚಿದ ದಿನ ಅಲ್ಲಿ ಕಾಣುವುದು ಬಿಳಿ ಗೋಡೆ. ಮೇಲೆ ಹೇಗಿದೆ ಅಂತ ಕೆಳಗಿನ ಸ್ಟೇಷನ್ನಿನ ಟಿವಿಯಲ್ಲಿ ಕ್ಯಾಮೆರಾ ಚಿತ್ರ ಬರುತ್ತಿರುತ್ತದೆ. ಚಿತ್ರವೂ ಬಿಳಿ. ಅದನ್ನು ನೋಡಿದ ಮೇಲೂ ನಮ್ಮವರು ಟಿಕೆಟ್ ತಗೊಳ್ಳುತ್ತಾರೆ. ಕಾರಣ ಸರಳ. ನಾಳೆ ಬೆಳಿಗ್ಗೆ ಆರಕ್ಕೆ ವಿಲ್ನಿಯಸ್ ಫ್ಲೈಟು. ಲಿಥುವೇನಿಯಾ ಕಾಯುತ್ತಿದೆ.

ಇನ್ನು ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್. ಈಚೆಗೆ ಜನ ಅಲ್ಲಿಗೆ ಮುಗಿಬೀಳುತ್ತಿದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ. ಫಿನ್ಲೆಂಡಿನ ರೊವಾನಿಯೆಮಿ ಸಾಂತಾ ಕ್ಲಾಸ್‌ನ ಅಧಿಕೃತ ಊರು. 1927ರಲ್ಲಿ ಫಿನ್ಲೆಂಡಿನ ರೇಡಿಯೊದಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದವರೊಬ್ಬರು, ಸಾಂತಾ ಇರುವುದು ಕೊರ್ವತುಂತುರಿ ಎಂಬ ಗುಡ್ಡದಲ್ಲಿ ಅಂದರು. ಆ ಗುಡ್ಡ ರಷ್ಯಾ ಗಡಿಯ ಮೇಲಿದೆ. ಟೂರಿಸ್ಟ್ ಬಸ್ ಅಲ್ಲಿಗೆ ಮುಟ್ಟುವುದಿಲ್ಲ. ಆದ್ದರಿಂದ 1985ರಲ್ಲಿ ಸಾಂತಾ ರೊವಾನಿಯೆಮಿ ಏರ್‌ಪೋರ್ಟ್ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡ. ವಿಧಾನಸೌಧದಲ್ಲಿ ಸಚಿವರ ಶಿಫಾರಸು ಪತ್ರ ಹಿಡಿದು ಅಲೆಯುವವರಿಗೂ ಇಷ್ಟು ಅನುಕೂಲದ ಪೋಸ್ಟಿಂಗ್ ಸಿಗುವುದಿಲ್ಲ. ಅವನ ಹಳ್ಳಿ ಹುಟ್ಟಿದ್ದಕ್ಕೂ ಕಾರಣ ವಿಐಪಿ ಭೇಟಿಯೇ. 1950ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಬರುತ್ತಾರೆ ಅಂತ ಗೊತ್ತಾಗಿ ತರಾತುರಿಯಲ್ಲಿ ಒಂದು ಮರದ ಮನೆ ಕಟ್ಟಿದರು. ಗಣ್ಯರು ಬರುವ ಹಿಂದಿನ ವಾರ ರಸ್ತೆಗೆ ಡಾಂಬರು ಬೀಳುವುದು ನಮ್ಮೂರಿನಲ್ಲಿ ಮಾತ್ರ ಅಂದುಕೊಂಡಿದ್ದೆವು.

ಹಳ್ಳಿಯಲ್ಲಿ ಆರ್ಕ್‌ಟಿಕ್ ವೃತ್ತದ ಗೆರೆ ಎಳೆದಿದ್ದಾರೆ. ಒಂದು ಕಾಲು ಈಕಡೆ, ಒಂದು ಕಾಲು ಆಕಡೆ ಇಟ್ಟು ಫೋಟೊ ತೆಗೆಸಿಕೊಳ್ಳಲು ಕ್ಯೂ. ನಿಜವಾದ ವೃತ್ತ ಭೂಮಿಯ ಓಲಾಟದ ಜೊತೆ ವರ್ಷಕ್ಕೆ ಸುಮಾರು 14 ಮೀಟರ್ ಉತ್ತರಕ್ಕೆ ಸರಿಯುತ್ತಾ ಇದೆ. ಗೆರೆ ಸರಿದಿಲ್ಲ. ಸರಿದರೆ ಅಂಗಡಿಗಳ ಗತಿ? ಸಾಂತಾನನ್ನು ನೋಡುವುದು ಪುಕ್ಕಟೆ, ಅವನ ಜೊತೆಗಿನ ಫೋಟೊಗೆ ಮಾತ್ರ ದುಡ್ಡು. ಭಾರತದವರನ್ನು ಕಂಡರೆ "ನಮಸ್ತೆ" ಅನ್ನುತ್ತಾನಂತೆ. ನಮಸ್ಕಾರ ಅನ್ನಲಿಲ್ಲ ಅಂತ ನಮ್ಮವರು ಯಾರೂ ಇನ್ನೂ ಅಲ್ಲಿ ಧರಣಿ ಕೂತಿಲ್ಲ, ಸದ್ಯ.

ಪ್ಯಾಕೇಜಿನ ಕಾಗದದಲ್ಲಿ "6 ರಾತ್ರಿ, 7 ಹಗಲು" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಡಿಸೆಂಬರ್ ಕೊನೆಯಲ್ಲಿ ರೊವಾನಿಯೆಮಿಗೆ ಸೂರ್ಯ ಬಂದು ಹೋಗುವುದು ಎರಡು ಗಂಟೆ ಚಿಲ್ಲರೆ. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ ಸೂರ್ಯ ಹುಟ್ಟುವುದೇ ಇಲ್ಲ. ಕಾನೂನು ಪ್ರಕಾರ ಅದು ಒಂದು ರಾತ್ರಿಯ ಪ್ಯಾಕೇಜು. ಏಳಕ್ಕೆ ದುಡ್ಡು ತಗೊಳ್ಳುತ್ತಾರೆ, ಗ್ರಾಹಕರ ವೇದಿಕೆಗೆ ಯಾರೂ ಹೋಗುತ್ತಿಲ್ಲ. ವಿಲ್ನಿಯಸ್‌ನಲ್ಲಿ ಸೂರ್ಯ ಸ್ವಲ್ಪ ಧಾರಾಳಿ, ಏಳು ಗಂಟೆ ಇರುತ್ತಾನೆ. ನಮ್ಮ ನಾಲ್ಕು ಜನರ ಕುಟುಂಬ ಸ್ನಾನ ಮುಗಿಸಿ, ಬ್ರೇಕ್‌ಫಾಸ್ಟ್‌ನಲ್ಲಿ ಯಾವುದರಲ್ಲಿ ಮೊಟ್ಟೆ ಇಲ್ಲ ಅಂತ ವಿಚಾರಿಸಿ, ಕೈಗವಸು ಹುಡುಕಿ ಹೊರಗೆ ಬರುವಷ್ಟರಲ್ಲಿ ಅದರಲ್ಲೂ ಅರ್ಧ ಹೋಗಿರುತ್ತದೆ.

ಕತ್ತಲೆ ಇದ್ದರೇ ಒಳ್ಳೆಯದು, ಅರೋರಾ ಕಾಣಬೇಕಲ್ಲ ಅನ್ನುತ್ತಾರೆ. ಆಕಾಶದ ಹಸಿರು ಬೆಳಕು. ಅದಕ್ಕೆ ಕತ್ತಲೆ ಸಾಲದು, ಮೋಡ ಇರಬಾರದು, ಸೂರ್ಯನಿಂದ ಹೊರಟ ಕಣಗಳೂ ಅವತ್ತೇ ಬರಬೇಕು. ಬಂದರೂ ಬೆಳಕು ಮಂದ ಇದ್ದರೆ ಬರಿಗಣ್ಣಿಗೆ ಬೂದು ಹೊಗೆ. ಹಸಿರು ಕಾಣುವುದು ಫೋನಿನ ನೈಟ್ ಮೋಡ್‌ಗೆ. ಸುಮ್ನೆ ಕಲ್ಪಿಸಿಕೊಳ್ಳಿ. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ, ರಾತ್ರಿ ಹನ್ನೆರಡಕ್ಕೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ನಲವತ್ತು ಜನ. ತಲೆಯ ಮೇಲೆ ಅರೋರಾ. ಎಲ್ಲರೂ ತಲೆ ತಗ್ಗಿಸಿ ಅಂಗೈಯಲ್ಲಿ ನೋಡುತ್ತಿದ್ದಾರೆ.

ಅತ್ತ ಊರಿನವರ ಗೋಳೂ ಇದೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಹಳ್ಳಿಯಲ್ಲಿ ಇರುವವರು ಎಂಟುನೂರಕ್ಕೂ ಕಡಿಮೆ. ಸೆಲ್ಫಿಯವರ ಕಾಟ ತಡೆಯಲಾರದೆ 2023ರಲ್ಲಿ ಒಳ್ಳೆ ನೋಟ ಸಿಗುವ ಜಾಗಕ್ಕೇ ಮರದ ಬೇಲಿ ಹಾಕಿದರು. ಜನ ಕೂಗಾಡಿದ ಮೇಲೆ ತೆಗೆದರು. ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್‌ನವರು ಜಾಣರು. ಕೊರಿಯಾದ ಟಿವಿ ಧಾರಾವಾಹಿಯಲ್ಲಿ ಅವರ ಕೆರೆಯ ಕಟ್ಟೆ ಬಂದು ಜನ ನುಗ್ಗತೊಡಗಿದಾಗ, ಕಟ್ಟೆಗೆ ತಿರುಗುವ ಗೇಟು ಕೂರಿಸಿ 5 ಫ್ರಾಂಕ್ ಇಟ್ಟರು. ದುಡ್ಡು ಕೊಡಿ, ನಿಲ್ಲಿ, ಫೋಟೊ ಹೊಡೆಯಿರಿ, ನಡೀರಿ.

ಇಷ್ಟೆಲ್ಲ ನಡೆಯುವಾಗ ಯುರೋಪಿನವರು ಎಲ್ಲಿರುತ್ತಾರೆ? ಕೈಲಾದವರೆಲ್ಲ ಬಿಸಿಲು ಹುಡುಕಿಕೊಂಡು ಹೊರಟಿರುತ್ತಾರೆ. ಕೆಲವರು ಕ್ಯಾನರಿ ದ್ವೀಪಗಳಿಗೆ, ಕೆಲವರು ನಮ್ಮ ಗೋಕರ್ಣಕ್ಕೆ. ಡಿಸೆಂಬರ್‌ನಲ್ಲಿ ಕುಡ್ಲೆ ಬೀಚಿಗೆ ಹೋಗಿ ನೋಡಿ. ಚಡ್ಡಿ ಬನಿಯನ್ನಿನಲ್ಲಿ ಎಳನೀರು ಕುಡಿಯುತ್ತಾ ಕೂತ ಜರ್ಮನ್‌ನವನಿಗೆ ತನ್ನ ಊರಿನ ಬೀದಿಯಲ್ಲಿ ಈಗ ಮೂಗು ಕೆಂಪಾಗಿಸಿಕೊಂಡು ಓಡಾಡುತ್ತಿರುವವರು ಬಸವನಗುಡಿಯವರು ಅಂತ ಹೇಳಿದರೆ ನಂಬುವುದಿಲ್ಲ.

ಮೇಲಿನ ಮನೆಯವರು ನನ್ನನ್ನೂ ಒಂದು ಮಾತು ಕೇಳಿದರು. ಕೇಳಿದ್ದಕ್ಕೆ ಹೇಳಿದೆ. "ಆರು ದಿನಕ್ಕೆ ಮೂರು ದೇಶ ಬೇಡಿ ಸಾರ್. ಒಂದೇ ಊರು ಸಾಕು. ಸೆವಿಲ್‌ಗೆ ಹೋಗಿ, ಸ್ಪೇನಿನ ದಕ್ಷಿಣಕ್ಕೆ. ಬೀದಿ ಮರಗಳಲ್ಲಿ ಕಿತ್ತಳೆ ತುಂಬಿರುತ್ತೆ. ಸಂಜೆ ಆರರ ತನಕ ಬೆಳಕು. ಹದಿನಾರು ಡಿಗ್ರಿ ಆಸುಪಾಸು, ಹಾಯಾಗಿ ನಡೆದಾಡಬಹುದು."

ಅವರು ಗಮನ ಇಟ್ಟು ಕೇಳಿದರು. ತಲೆಯನ್ನೂ ಆಡಿಸಿದರು. ಆಮೇಲೆ ಒಳಗೆ ಹೋಗಿ ಒಂದು ಕಿತ್ತಳೆ ಬಣ್ಣದ ಉಬ್ಬಿದ ಜಾಕೆಟ್ ತಂದು ಸೋಫಾ ಮೇಲೆ ಇಟ್ಟರು. ಕಾಲರಿನ ಚೀಟಿ ಇನ್ನೂ ಹರಿದಿರಲಿಲ್ಲ.

"ಎಲ್ಲಾ ಸರಿ ಸಾರ್. ಆದ್ರೆ ಇದನ್ನ ನಾಲ್ಕು ತಗೊಂಡ್ಬಿಟ್ಟಿದೀವಿ. ಮೈನಸ್ ಇಪ್ಪತ್ತೈದಕ್ಕೆ ಅಂತ ಬರೆದಿದೆ. ಹದಿನಾರು ಡಿಗ್ರಿಗೆ ಹೋದ್ರೆ ಇದಕ್ಕೆ ಕೊಟ್ಟ ದುಡ್ಡು ವೇಸ್ಟ್ ಅಲ್ವಾ?"