22 ಸೆಕೆಂಡಿನ ಲೋಕಾರ್ಪಣೆ

ನಮ್ಮ ಕಾಸರಗೋಡಿನ ಕುಂಬಳೆ ಕಡೆಯ ಹುಡುಗಿಯೊಬ್ಬಳು ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ ಏಳು ಹಾಡಿನ ಆಲ್ಬಂ ಮಾಡಿದ್ದಾಳೆ. ಹಿಂದೆ ಕಂಪನಿ ಇಲ್ಲ, ಮುಂದೆ ಪ್ರಾಯೋಜಕರಿಲ್ಲ. ಸ್ಟುಡಿಯೋ ಅಂದ್ರೆ ಅವಳು ಮಲಗುವ ಕೋಣೆ. ಗೋಡೆ ಮಾರ್ದನಿ ಕೊಡಬಾರದು ಅಂತ ಮನೆಯ ಕಂಬಳಿಗಳನ್ನೆಲ್ಲ ಮೊಳೆಗೆ ಸಿಕ್ಕಿಸಿದ್ದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಬಂದ್, ಯಾಕಂದ್ರೆ ತಗಡಿನ ಮಾಡಿಗೆ ನಮ್ಮೂರಿನ ಮಳೆ ಬಿದ್ದರೆ ಎಂಥ ಮೈಕೂ ಸೋಲುತ್ತದೆ. ಮನೆಯವರಿಗೆ ಕಂಬಳಿ ವಾಪಸ್ ಸಿಕ್ಕಿದ್ದು ಆ ನಾಲ್ಕು ತಿಂಗಳು ಮಾತ್ರ.

ಫೋನಿನಲ್ಲಿ ಒಂದು ಬಟನ್ ಒತ್ತಿದ್ದರೆ ಬಿಡುಗಡೆ ಮುಗಿಯುತ್ತಿತ್ತು. ಗ್ರಹಚಾರ, ಊರಿನ ಹಿರಿಯರೊಬ್ಬರಿಗೆ ಬಾಯಿ ಬಿಟ್ಟಳು. ಮರುದಿನ ಸ್ವಾಗತ ಸಮಿತಿ ಆಯ್ತು. ಮೂರನೇ ದಿನ ಸಮಿತಿಯಲ್ಲಿ ಎರಡು ಪಂಗಡ ಆಯ್ತು.

ಎರಡೂ ಪಂಗಡಕ್ಕೆ ಸಮಸ್ಯೆ ಒಂದೇ. ಬಿಡುಗಡೆ ಮಾಡೋದು ಏನನ್ನು? ಪುಸ್ತಕವಾದರೆ ರಿಬ್ಬನ್ ಬಿಚ್ಚಬಹುದು, ಕ್ಯಾಸೆಟ್ಟಾದರೆ ಎತ್ತಿ ಹಿಡಿಯಬಹುದು. ಇದು ಕೈಗೇ ಸಿಗದ ಆಲ್ಬಂ. "ಪೇಪರಿಗೆ ಫೋಟೋ ಹೇಗೆ ಕೊಡುವುದು ಮಾರಾಯ್ರೆ?" ಅಂತ ಕಾರ್ಯದರ್ಶಿ ಮಾಷ್ಟ್ರು ಕಂಗಾಲಾದರು. ಕೊನೆಗೆ ಥರ್ಮೋಕೋಲ್ ಹಲಗೆಗೆ ಕ್ಯೂಆರ್ ಕೋಡ್ ಅಂಟಿಸಿ, ಮೇಲೆ ಬಣ್ಣದ ಕಾಗದ ಸುತ್ತಿ, ಹರಿವಾಣದಲ್ಲಿಟ್ಟು, ಪಕ್ಕದಲ್ಲಿ ಒಂದು ಅಡಿಕೆ ಹಿಂಗಾರವನ್ನೂ ಇಟ್ಟರು.

ವೇದಿಕೆಯಲ್ಲಿ 14 ಕುರ್ಚಿ. ಹಾಡಿದವಳಿಗೆ ಕುರ್ಚಿ ಇಲ್ಲ ಅಂತ ಗೊತ್ತಾಗಿದ್ದು ಪ್ರಾರ್ಥನೆ ಮುಗಿದ ಮೇಲೆ. ಊಟದ ಹಾಲಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಫ್ಲೆಕ್ಸಿನಲ್ಲೂ ಅವಳಿದ್ದಳು, ಕೆಳಗೆ ಮೂಲೆಯಲ್ಲಿ, ಶಾಮಿಯಾನದವರ ಫೋನ್ ನಂಬರಿಗೆ ತಾಗಿಕೊಂಡು.

ಆಮೇಲೆ ಭಾಷಣ. "ಸಪ್ತಭಾಷಾ ಸಂಗಮ ಭೂಮಿ" ಅನ್ನೋದನ್ನು ನಾನು ಎಣಿಸಿದೆ, 11 ಸಲ. ಆ ಏಳು ಭಾಷೆ ಯಾವುವು ಅಂತ ಹೇಳಲು ಹೊರಟ ಒಬ್ಬರು ಐದಕ್ಕೆ ನಿಂತುಬಿಟ್ಟರು. ಹಿಂದಿನ ಸಾಲಿನಿಂದ ಯಾರೋ "ಬ್ಯಾರಿ, ಮರಾಠಿ" ಅಂತ ಕೂಗಿ ದಡ ಸೇರಿಸಿದರು. ಇನ್ನೊಬ್ಬರು ಸೀದಾ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕೆ ಹೋದರು. ಅಲ್ಲಿಂದ ನಿಧಾನಕ್ಕೆ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಲಿ ಅಂದ 1967ರ ಮಹಾಜನ ವರದಿಗೆ ಬಂದು, ಆ ಹೊಳೆಯ ಉತ್ತರ ದಡದಲ್ಲೇ ಅರ್ಧ ಗಂಟೆ ನಿಂತರು. ಆ ನೋವು ಸುಳ್ಳಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರು ಬಂದರೆ ನಾವೂ ರಸ್ತೆಗಿಳಿಯುವವರೇ. ಆದರೆ ಸ್ವಾಮೀ, ಈ ಆಲ್ಬಮ್ಮಿನಲ್ಲಿ ಚಂದ್ರಗಿರಿಯೇ ಇಲ್ಲ.

ಇರುವುದು ಒಬ್ಬ ಅಜ್ಜಿ. ಹೈವೇ ಆರು ಲೇನ್ ಆದ ಮೇಲೆ ಎದುರಿನ ಅಂಗಡಿ ಅವಳಿಗೆ ಕಾಣುತ್ತದೆ, ಹೋಗೋಕಾಗಲ್ಲ. ಮೊದಲೆಲ್ಲ ಅವಳು ಈಚೆಯಿಂದ ತುಳುವಿನಲ್ಲಿ ಬೈಯುವುದು, ಅಂಗಡಿಯವನು ಆಚೆಯಿಂದ ಮಲಯಾಳದಲ್ಲಿ ಬೈಯುವುದು ನಡೆದಿತ್ತು, ಸಾಲದ ಲೆಕ್ಕವೂ ಅದರಲ್ಲೇ ಮುಗಿಯುತ್ತಿತ್ತು. ಈಗ ಲಾರಿಗಳ ಸದ್ದಿಗೆ ಅದೂ ಕೇಳಿಸುವುದಿಲ್ಲ. ಎರಡು ವೀಳ್ಯದೆಲೆಗೆ ಅವಳು ಅಂಡರ್‌ಪಾಸ್ ಹುಡುಕಿಕೊಂಡು ಹೊರಡುತ್ತಾಳೆ. ಏಳರಲ್ಲಿ ನನಗೆ ಜಾಸ್ತಿ ಇಷ್ಟವಾದ ಹಾಡು ಅದು.

ವೇದಿಕೆಯ 14 ಜನರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಕೇಳದೆಯೇ "ಗಡಿನಾಡ ಕೋಗಿಲೆ" ಅಂತ ಬಿರುದು ಕೊಟ್ಟರು. ಅವಳ ಗಂಟಲು ಸ್ವಲ್ಪ ಕರಕರ, ಚೆಂದ ಇರುವುದೇ ಅದರಲ್ಲಿ. ಕೋಗಿಲೆಗೂ ಅವಳಿಗೂ ಯಾವ ಸಂಬಂಧವೂ ಇಲ್ಲ.

ಸಭೆ ಶುರುವಾಗಿ 1 ಗಂಟೆ 40 ನಿಮಿಷಕ್ಕೆ ನಿರೂಪಕರು "ಈಗ ಹಾಡು" ಅಂದರು. ಅಷ್ಟೊತ್ತಿಗೆ ಸಾಂಬಾರಿನ ಪರಿಮಳ ಸಭೆಯೊಳಗೆ ಬಂದು ಕೂತಿತ್ತು. ಅವಳು ಹಾಡಲು ಎದ್ದರೆ, "ಬೇಡಮ್ಮಾ, ಫೋನಿನಲ್ಲೇ ಹಾಕುವಾ, ಬೇಗ ಆಗ್ತದೆ" ಅಂದರು. ಮೈಕಿನ ಮುಂದೆ ಫೋನ್ ಹಿಡಿದರು. ಹಾಡಿನ ಅಜ್ಜಿ ರಸ್ತೆಯ ಅಂಚಿಗೆ ಬಂದು ನಿಂತಳು. "ಸಮಯದ ಅಭಾವದಿಂದ..." ಅಂತ ಫೋನ್ ಜೇಬಿಗೆ ಹೋಯ್ತು. ಒಟ್ಟು 22 ಸೆಕೆಂಡು. ವಂದನಾರ್ಪಣೆಗೆ 18 ನಿಮಿಷ ಇತ್ತು ನೋಡಿ.

ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡು ಓಡಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. 2024ರಿಂದ ಇನ್ನೊಂದು ನಿಯಮ ಬಂದಿದೆ, 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ತುಂಬಿದ ಸಭೆ ಕೇಳಿದ್ದು ಸೊನ್ನೆ ಆಯ್ತು. ಪೂರ್ತಿ ಹಾಕಿದ್ದರೂ ಒಂದೇ ಬಿಡಿ, ಆ ಒಂದೂ ತಪ್ಪಿತು. ಹಾಡಿಗೆ ಆದ ಖರ್ಚಿಗಿಂತ 14 ಶಾಲುಗಳ ಖರ್ಚು ಜಾಸ್ತಿ, ಅದರಲ್ಲಿ ಅರ್ಧ ಅವಳ ಅಪ್ಪನದ್ದು.

ಊಟಕ್ಕೆ ಹೋಗುವಾಗ ನೋಡಿದೆ. ಅಡಿಕೆ ತೋಟದ ಅಜ್ಜ ಒಬ್ಬರು ಥರ್ಮೋಕೋಲ್ ಹಲಗೆಯ ಮುಂದೆ ನಿಂತು, ಜಿಪೇ ತೆರೆದು, ಫೋನನ್ನು ಹತ್ತಿರ ದೂರ ಮಾಡುತ್ತಿದ್ದರು.

"ಎಷ್ಟು ಹಾಕ್ಬೇಕು ಮಗಾ? ಇದು ತಗೊಳ್ತಾ ಇಲ್ಲ."

"ಅದು ದುಡ್ಡಿನದ್ದಲ್ಲ ಅಜ್ಜ, ಹಾಡಿನದ್ದು."

"ಹಾಡಿಗೆ ದುಡ್ಡು ಬೇಡ್ವಾ?" ಅಂತ ಅಜ್ಜ ಜೇಬಿಗೆ ಕೈ ಹಾಕಿ ನೂರರ ನೋಟು ತೆಗೆದು ಅವಳ ಕೈಗಿಟ್ಟರು. ಅವಳು ಅದನ್ನು ಮಡಚಿ ಇಟ್ಟುಕೊಳ್ಳುವುದರೊಳಗೆ ಸಮಿತಿಯ ಖಜಾಂಚಿ ರಶೀದಿ ಪುಸ್ತಕ ಹಿಡಿದು ಓಡಿ ಬಂದರು.