ಫೇಸ್ ಆಫ್‌ನಲ್ಲಿ ಜಗಳಕ್ಕಿಂತ ಕೆಲಸವೇ ಜಾಸ್ತಿ

ರಿಯಾಲಿಟಿ ಶೋ ಅಂದರೆ ಬರೀ ಜಗಳ, ಅಳು ಅಂತ ಬರೆದಿದ್ದೀರಿ. ಎಲ್ಲದಕ್ಕೂ ಈ ಮಾತು ಹೊಂದುವುದಿಲ್ಲ. ಅಮೆರಿಕದ ಸೈಫೈ ಚಾನೆಲ್‌ನಲ್ಲಿ 2011ರಿಂದ 2018ರವರೆಗೆ 13 ಸೀಸನ್ ಬಂದ, ಸಿನಿಮಾ ಮೇಕಪ್ ಕಲಾವಿದರ ಸ್ಪರ್ಧೆ 'ಫೇಸ್ ಆಫ್' ನೋಡಿ. ಅಲ್ಲಿ ಎದೆ ಡವಡವ ಅನ್ನುವುದು ಅಚ್ಚು ಬಿಚ್ಚುವಾಗ. ಜೇಡಿಮಣ್ಣಿನಲ್ಲಿ ಮುಖ ತಿದ್ದಿ, ಅದರ ಮೇಲೆ ಅಚ್ಚು ತೆಗೆದು, ಫೋಮ್ ಲೇಟೆಕ್ಸ್ (ನೊರೆಯಂಥ ರಬ್ಬರ್) ತುಂಬಿ, ಓವನ್‌ನಲ್ಲಿ ಬೇಯಿಸಿ, ಕೊನೆಗೆ ನಟರ ಮುಖಕ್ಕೆ ಅಂಟಿಸುವ ಆ ತುಂಡನ್ನು ಹರಿಯದ ಹಾಗೆ ಬಿಡಿಸಬೇಕು. ಅಂಚು ತೆಳ್ಳಗಿಲ್ಲದಿದ್ದರೆ ಮುಗೀತು, ಎಷ್ಟು ಬಣ್ಣ ಹಚ್ಚಿದರೂ ಅಂಟಿಸಿದ ಗೆರೆ ಕಾಣುತ್ತದೆ. ಅಚ್ಚು ಗಟ್ಟಿಯಾಗಿ ಕಚ್ಚಿಕೊಂಡರೆ ಎದುರಾಳಿಗಳೇ ಬಂದು ಬಿಡಿಸೋಕೆ ಕೈ ಜೋಡಿಸ್ತಿದ್ದರು, ನನಗೆ ತುಂಬಾ ಇಷ್ಟವಾಗಿದ್ದು ಇದೇ.

ತೀರ್ಪುಗಾರರೂ ಸುಮ್ನೆ ಕೂತವರಲ್ಲ. ವೀ ನೀಲ್ ಮೇಕಪ್‌ಗೆ 3 ಆಸ್ಕರ್ ಗೆದ್ದವರು. ಹತ್ತಿರ ಹೋಗಿ ಅಂಚು, ಬಣ್ಣ, ಆಕಾರ ನೋಡಿ, ಎಲ್ಲಿ ಕೆಟ್ಟಿದೆ, ಯಾಕೆ ಅಂತ ಬಿಡಿಸಿ ಹೇಳುತ್ತಿದ್ದರು. ನೋಡುವವರಿಗೂ ಅದೊಂದು ಪಾಠ, ಅಲ್ವಾ?

ನನ್ನ ತಕರಾರು ಸಮಯದ್ದು ಮಾತ್ರ. ಸಿನಿಮಾಕ್ಕಾದರೆ ವಾರಗಟ್ಟಲೆ ಮಾಡುವ ಕೆಲಸವನ್ನು ಕೆಲವೇ ದಿನದಲ್ಲಿ ಮುಗಿಸಬೇಕಿತ್ತು. ಅಚ್ಚು ಒಡೆದಿದ್ದಕ್ಕೆ ಒಳ್ಳೆ ಕಲಾವಿದರು ಮನೆಗೆ ಹೋಗುವುದು ಅನ್ಯಾಯ. ಇನ್ನೊಂದೇ ಒಂದು ದಿನ ಕೊಟ್ಟಿದ್ದರೆ ಏನಾಗುತ್ತಿತ್ತು?