ಏನೂ ಆಗದ 665 ಜನ

ಕಾರವಾರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದ ಮೊದಲ ಮಳೆಗಾಲ. ರಕ್ತ ತೆಗೆದು ಸೂಜಿಗೆ ಮುಚ್ಚಳ ಹಾಕಲು ಹೋದೆ, ಎಡಗೈ ಹೆಬ್ಬೆರಳಿಗೆ ಚುಚ್ಚಿತು. (ಮುಚ್ಚಳ ವಾಪಸ್ ಹಾಕಬಾರದು ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವಳೇ ನಾನು!) ಗ್ಲೌಸಿನೊಳಗೆ ಸಾಸಿವೆ ಕಾಳಿನಷ್ಟು ರಕ್ತ. ಆ ರೋಗಿಗೆ ಎಚ್‌ಐವಿ ಇತ್ತು.

"ಸೋಪು ಹಚ್ಚಿ ತೊಳಿ ತಂಗಿ, ಬೆರಳು ಹಿಂಡಬೇಡ" ಅಂದರು ಹಿರಿಯ ಸಿಸ್ಟರ್. ಡಾಕ್ಟರು ಬಂದು ಬಯ್ಯಲಿಲ್ಲ, ಕೇಳಿದರು. ಎಷ್ಟು ಆಳ ಹೋಯ್ತು? ಸೂಜಿ ಮೇಲೆ ರಕ್ತ ಕಾಣ್ತಿತ್ತಾ? ರಕ್ತನಾಳಕ್ಕೆ ಹಾಕಿದ್ದ ಸೂಜಿನಾ? ಸೋಂಕು ತಗಲದಿರಲಿ ಅಂತ ಅವತ್ತೇ ಮಾತ್ರೆ ಶುರು, 28 ದಿನ.

ಆ ಪ್ರಶ್ನೆಗಳ ಮೂಲ ಗೊತ್ತಾಗಿದ್ದು ಆಮೇಲೆ. 1997ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಮೆರಿಕ, ಫ್ರಾನ್ಸ್, ಇಟಲಿ, ಬ್ರಿಟನ್ನಿನಲ್ಲಿ ಹೀಗೆ ಚುಚ್ಚಿಕೊಂಡು ಎಚ್‌ಐವಿ ತಗುಲಿದ 33 ಆಸ್ಪತ್ರೆ ಸಿಬ್ಬಂದಿ ಒಂದು ಕಡೆ. ಚುಚ್ಚಿಕೊಂಡೂ ಏನೂ ಆಗದ 665 ಜನ ಇನ್ನೊಂದು ಕಡೆ. ಆಳದ ಗಾಯ, ಕಣ್ಣಿಗೆ ಕಾಣುವ ರಕ್ತ, ರಕ್ತನಾಳದ ಸೂಜಿ, ಕೊನೆಯ ಹಂತದ ರೋಗಿ. ಇವು 33ರ ಗುಂಪಿನಲ್ಲೇ ಜಾಸ್ತಿ. ಚುಚ್ಚಿದ ಮೇಲೆ ಜಿಡೋವುಡಿನ್ ಅನ್ನೋ ಎಚ್‌ಐವಿ ಮಾತ್ರೆ ತಗೊಂಡವರಿಗೆ ಸೋಂಕಿನ ಸಾಧ್ಯತೆ ಸುಮಾರು ಶೇ. 81ರಷ್ಟು ಕಡಿಮೆ.

ಅರ್ಧ ಜನಕ್ಕೆ ಮಾತ್ರೆ ಕೊಟ್ಟು, ಅರ್ಧ ಜನಕ್ಕೆ ಕೊಡದೆ ನೋಡಬಹುದಿತ್ತಲ್ಲ? ಸೋಂಕಿತರ ರಕ್ತದ ಸೂಜಿ ಚುಚ್ಚಿದರೂ ತಗಲುವುದು ಸಾವಿರಕ್ಕೆ ಸುಮಾರು ಮೂರು ಜನಕ್ಕೆ. ಸಾವಿರಾರು ಜನ ಬೇಕು. ಜೊತೆಗೆ, ಹೆದರಿ ಕೂತವರಿಗೆ ಸುಮ್ನೆ ಮನೆಗೆ ಹೋಗಿ ಅನ್ನೋದು ಯಾರ ಕೈಲಾಗುತ್ತೆ? ಅದಕ್ಕೇ ಆಗಿಹೋದದ್ದನ್ನು ಹಿಂದಿನಿಂದ ಕೆದಕಿದರು. ಈ ದಾರಿಯಲ್ಲೂ ತೊಡಕಿದೆ. ರೋಗ ಬಂದವರಿಗೆ ಗಾಯ ಇದ್ದದ್ದಕ್ಕಿಂತ ಆಳವಾಗಿತ್ತು ಅನ್ನಿಸಬಹುದು, ಅಲ್ವಾ?

ನಮ್ಮ ಕಡೆ ಮದುವೆ ಊಟ ಮಾಡಿ ನಾಲ್ಕು ಜನಕ್ಕೆ ಹೊಟ್ಟೆ ಕೆಟ್ಟರೆ ಬಂಗಡೆ ಮೇಲೆ ತಪ್ಪು ಹೊರಿಸಿ ಮುಗಿಸುತ್ತೇವೆ. ಅದೇ ಬಂಗಡೆ ತಿಂದು ಆರಾಮಾಗಿ ಬಸ್ ಹತ್ತಿದವರನ್ನು ಒಬ್ಬರೂ ಕೇಳಲ್ಲ.

ನನ್ನ ಸಿಟ್ಟು ಇಲ್ಲೇ. ಆಮೇಲೆ ಸೇರಿದ ಒಂದು ಲ್ಯಾಬಿನಲ್ಲಿ ಸೂಜಿ ಚುಚ್ಚಿದರೆ ಬರೆದಿಡಲು ರಿಜಿಸ್ಟರೇ ಇರಲಿಲ್ಲ. ಕೇಳಿದರೆ "ಏನೂ ಆಗಿಲ್ವಲ್ಲ, ಬಿಡಿ". ಆ 665 ಜನಕ್ಕೂ ಏನೂ ಆಗಿರಲಿಲ್ಲ ಕಣ್ರೀ! ಅವರದ್ದು ಬರೆದಿಟ್ಟಿರದಿದ್ದರೆ 33 ಜನರ ಕಷ್ಟದಿಂದ ಏನೂ ತಿಳಿಯುತ್ತಿರಲಿಲ್ಲ.

ಮೂರು ಸಲ ಬರೆದು ಕೊಟ್ಟ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ಬಂತು. ಗೆರೆ ಎಳೆದವಳು ನಾನೇ. ಕಾರವಾರದ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಆರು ತಿಂಗಳ ಕೊನೆಯ ಟೆಸ್ಟು ಕೆಂಪು ಶಾಯಿಯಲ್ಲಿದೆ: ನೆಗೆಟಿವ್.